ಸಣ್ಣ ಮಕ್ಕಳಿಗೆ ಲಾಲ್‌ಬಾಗ್‌ನಲ್ಲಿ ಏನು ತೋರಿಸಬೇಕು?

ಪ್ರಶ್ನೆ: ನಾವು ತುಮಕೂರಿನವರು. ಮಗನಿಗೆ 5 ವರ್ಷ, ಮಗಳಿಗೆ ಈಗಷ್ಟೇ 2 ತುಂಬಿದೆ. ಕಳೆದ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋಗಿದ್ದೆವು. ರಜೆಯ ದಿನ, ಸಿಕ್ಕಾಪಟ್ಟೆ ಜನ. ಮಗಳದ್ದು ಎತ್ತಿಕೋ ಅಂತ ಅಳು, ಮಗನದ್ದು ಮನೆಗೆ ಹೋಗೋಣ ಅಂತ ಹಠ. ಕೊನೆಗೆ ಮೊಬೈಲ್ ಕೊಟ್ಟು ಕೂರಿಸಿದೆವು. ಈ ಸಲ ನಮ್ಮ ಅತ್ತೆಯೂ ಬರುತ್ತೇನೆ ಅಂತಿದ್ದಾರೆ, ಅವರಿಗೆ ಮಂಡಿ ನೋವು. ನನಗಾಗಲಿ ನಮ್ಮ ಯಜಮಾನರಿಗಾಗಲಿ ಗಿಡಮರಗಳ ಬಗ್ಗೆ ಹೆಚ್ಚು ಗೊತ್ತಿಲ್ಲ. ಇಷ್ಟು ಸಣ್ಣ ಮಕ್ಕಳಿಗೆ ಅಲ್ಲಿ ಏನು ತೋರಿಸಬೇಕು? ಏನಾದರೂ ಬಾಯಿಗೆ ಹಾಕಿಕೊಂಡರೆ ಅನ್ನೋ ಭಯವೂ ಇದೆ. ಫ್ಲವರ್ ಶೋಗೆ ಮತ್ತೆ ಕರೆದುಕೊಂಡು ಹೋಗಬಹುದಾ?

ಉತ್ತರ: ನಿಮ್ಮ ಮಗಳ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಒಮ್ಮೆ ನೋಡಿ. ಎರಡೂವರೆ ಅಡಿ ಇರಬಹುದು. ಮಗನದ್ದು ಮೂರಡಿಗಿಂತ ಸ್ವಲ್ಪ ಮೇಲೆ. ಫ್ಲವರ್ ಶೋ ದಿನ ಆ ಎತ್ತರದಲ್ಲಿ ಕಾಣಿಸಿದ್ದು ದೊಡ್ಡವರ ಕಾಲು, ಕೈಚೀಲ, ಅಡ್ಡ ಕಟ್ಟಿದ ಬೊಂಬು. ಹೂವಿನ ಅಲಂಕಾರವೆಲ್ಲ ನಿಮ್ಮ ಕಣ್ಣಿನ ಮಟ್ಟಕ್ಕೆ ಮಾಡಿದ್ದು. ಮಗಳು ಎತ್ತಿಕೋ ಅಂದಿದ್ದರಲ್ಲಿ ಹಠವೇನೂ ಇರಲಿಲ್ಲ. ಅವಳಿಗೆ ಏನೂ ಕಾಣುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು, ಅಷ್ಟೇ.

ನಾನು ಸಸ್ಯಶಾಸ್ತ್ರ ಓದಿದವನು. ಮಕ್ಕಳ ಗುಂಪುಗಳನ್ನು ಇದೇ ತೋಟದಲ್ಲಿ ಸುತ್ತಿಸುತ್ತಾ ಬಂದವನು. ಹಾಗಾಗಿ ನನ್ನ ಸಲಹೆ ಒಂದೇ ಮಾತಿನಲ್ಲಿದೆ: ಮರದ ತುದಿಯನ್ನು ತೋರಿಸಬೇಡಿ, ಮರದ ಬುಡವನ್ನು ತೋರಿಸಿ. ನೂರಡಿ ಎತ್ತರದ ಮರವನ್ನು 'ಮೇಲೆ ನೋಡು, ಮೇಲೆ ನೋಡು' ಅಂದರೆ 2 ವರ್ಷದ ಮಗು ಒಂದು ಕ್ಷಣ ನೋಡುತ್ತದೆ, ಕುತ್ತಿಗೆ ನೋಯುತ್ತದೆ, ಬಿಡುತ್ತದೆ. ಆದರೆ ಮರ ತನ್ನಲ್ಲಿರುವುದನ್ನೆಲ್ಲ ಒಂದಲ್ಲ ಒಂದು ದಿನ ಕೆಳಗೆ ಕಳಿಸುತ್ತದೆ. ಎಲೆ, ಹೂವು, ಕಾಯಿ, ಬೀಜ, ತೊಗಟೆ, ಹಕ್ಕಿ ಕಚ್ಚಿ ಬಿಟ್ಟ ಹಣ್ಣು, ಅದನ್ನು ಎಳೆದುಕೊಂಡು ಹೋಗುವ ಇರುವೆ ಸಾಲು. ಇದೆಲ್ಲ ಮಕ್ಕಳ ಕೈಗೆ ಸಿಗುವಲ್ಲೇ ಬಿದ್ದಿರುತ್ತದೆ.

ಇನ್ನೊಂದು ವಿಷಯ. ಲಾಲ್‌ಬಾಗ್ 240 ಎಕರೆ. ಅಂದರೆ ಹೆಚ್ಚುಕಡಿಮೆ ಒಂದು ಚದರ ಕಿಲೋಮೀಟರ್. ಇದನ್ನು ಪೂರ್ತಿ ನೋಡಿಕೊಂಡು ಬರಬೇಕು ಅನ್ನುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ನಾಲ್ಕು ಮರ, ಒಂದು ಬಂಡೆ. ಶಕ್ತಿ ಉಳಿದಿದ್ದರೆ ಕೆರೆಯ ದಡ. ಒಂದೂವರೆ ಗಂಟೆಯಿಂದ ಎರಡು ಗಂಟೆ. ಈ ವಯಸ್ಸಿನವರಿಗೆ ಇಷ್ಟು ಸಾಕು, ಇದೇ ಜಾಸ್ತಿ. ತುಮಕೂರಿನಿಂದ ಅಷ್ಟು ದೂರ ಬಂದು ಇಷ್ಟೇನಾ ಅಂತ ನಿಮಗೆ ಅನ್ನಿಸುತ್ತದೆ, ಗೊತ್ತು. ಆದರೆ ಆ ಲೆಕ್ಕ ನಿಮ್ಮದು. ಮಗಳಿಗೆ ಒಂದು ಕಾಲುದಾರಿಯ ಅಂಚಿನ ಕಲ್ಲುಗಳೇ ಅರ್ಧ ಗಂಟೆಯ ಕೆಲಸ.

ಪ್ರಯಾಣದ ವಿಷಯದಲ್ಲಿ ನೀವು ಅದೃಷ್ಟವಂತರು. ನಮ್ಮ ಮೆಟ್ರೋದ ಹಸಿರು ಮಾರ್ಗ ಈಗ ತುಮಕೂರು ರಸ್ತೆಯ ಮಾದಾವರದಿಂದಲೇ ಶುರುವಾಗುತ್ತದೆ. ಬಸ್ಸಿನಲ್ಲಿ ಬಂದರೆ ಅಲ್ಲೋ ನಾಗಸಂದ್ರದಲ್ಲೋ ಇಳಿದು ಮೆಟ್ರೋ ಹತ್ತಿ. ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿಯಿರಿ, ಮೆಟ್ರೋ ನಿಲ್ದಾಣ ಅಲ್ಲೇ ಇದೆ. ಎಲ್ಲೂ ಬದಲಾಯಿಸದೆ ನೇರವಾಗಿ ಲಾಲ್‌ಬಾಗ್ ನಿಲ್ದಾಣ. ಮಗನನ್ನು ಕಿಟಕಿ ಪಕ್ಕ ನಿಲ್ಲಿಸಿಕೊಳ್ಳಿ. ಮೆಜೆಸ್ಟಿಕ್ ಹತ್ತಿರ ರೈಲು ನೆಲದೊಳಗೆ ಇಳಿಯುತ್ತದೆ, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟುವವರೆಗೂ ಕತ್ತಲೆ, ನ್ಯಾಷನಲ್ ಕಾಲೇಜ್ ಬರುವ ಹೊತ್ತಿಗೆ ಮತ್ತೆ ಬಿಸಿಲು. ಅದರ ಮುಂದಿನದೇ ಲಾಲ್‌ಬಾಗ್. 5 ವರ್ಷದ ಹುಡುಗನಿಗೆ ಇದೂ ಪ್ರವಾಸದ ಒಂದು ಭಾಗವೇ.

ತೋಟ ಬೆಳಗ್ಗೆ 6 ಗಂಟೆಗೇ ತೆರೆಯುತ್ತದೆ. ವಾರದ ಮಧ್ಯೆ ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಹಾಕಿ, ಎಂಟು ಗಂಟೆಯೊಳಗೆ ಒಳಗಿರಿ. ತುಮಕೂರಿನಿಂದ ಅದು ಕಷ್ಟ ಅನ್ನಿಸಿದರೆ ಹಿಂದಿನ ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿರಿ. ಹತ್ತೂವರೆಯ ನಂತರ ಬಿಸಿಲು ಏರುತ್ತದೆ, ಮಕ್ಕಳ ಮುಖ ಕೆಂಪಾಗುತ್ತದೆ, ಆಮೇಲೆ ನೀವು ಏನು ತೋರಿಸಿದರೂ ವ್ಯರ್ಥ. ತಿಂಡಿ ಹೊರಗೇ ಮುಗಿಸಿ. ಮುಖ್ಯ ದ್ವಾರದ ಹತ್ತಿರ, ಲಾಲ್‌ಬಾಗ್ ರಸ್ತೆಯಲ್ಲಿ 1924ರಿಂದ ಇರುವ ಎಂಟಿಆರ್ ಇದೆ. ಆದರೆ ಅಲ್ಲಿ ಕಾಯಬೇಕಾಗುತ್ತದೆ, ಹಸಿದ ಮಗುವನ್ನು ಕಾಯಿಸುವುದು ಬೇಡ. ಮನೆಯ ಇಡ್ಲಿ ಡಬ್ಬಿಯೇ ಒಳ್ಳೆಯದು, ಗೇಟಿನ ಹೊರಗೆ ತಿನ್ನಿಸಿ ಒಳಗೆ ಹೋಗಿ. ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲ್ ಬಾಟಲಿ ಇರಲಿ. ಶೌಚಾಲಯ ಕಂಡ ಕೂಡಲೇ, ಬೇಕಿರಲಿ ಬಿಡಲಿ, ಇಬ್ಬರನ್ನೂ ಒಮ್ಮೆ ಕರೆದುಕೊಂಡು ಹೋಗಿಬಿಡಿ. ಮುಂದಿನದು ಎಷ್ಟು ದೂರವೋ!

ಈಗ ಮರಗಳಿಗೆ ಬರೋಣ.

ನನ್ನ ಆಯ್ಕೆಯಲ್ಲಿ ಮೊದಲ ಮರ ನಾಗಲಿಂಗ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮರ ಇಲ್ಲ ಅಂತಲೇ ನನ್ನ ನಂಬಿಕೆ. ಬೇರೆ ಮರಗಳು ಹೂವನ್ನು ಕೊಂಬೆಯ ತುದಿಯಲ್ಲಿ ಬಿಡುತ್ತವೆ, ಇದು ಕಾಂಡದಿಂದಲೇ ಹೂಗೊಂಚಲು ಹೊರಡಿಸುತ್ತದೆ. ಎಷ್ಟೋ ಸಲ ಬುಡದ ಹತ್ತಿರ, ಮಗುವಿನ ಮೂಗಿನ ಮಟ್ಟಕ್ಕೇ ಹೂವು ಇರುತ್ತದೆ. ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ಮಗನ ಕೈಗೆ ಕೊಡಿ. ದಪ್ಪ ದಳ, ಒಳಗೆ ಹೆಡೆ ಬಗ್ಗಿಸಿದ ಹಾಗಿರುವ ಭಾಗ, ಅದರ ಕೆಳಗೆ ಪುಟ್ಟ ಲಿಂಗ. ಅಜ್ಜಿ ಇದನ್ನು ಕಂಡ ಕೂಡಲೇ ಕಣ್ಣಿಗೊತ್ತಿಕೊಳ್ಳುತ್ತಾರೆ, ನೋಡುತ್ತಿರಿ. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಇಷ್ಟು ಆಪ್ತವಾಗಿರುವ ಈ ಮರದ ಮೂಲ ಊರು ದಕ್ಷಿಣ ಅಮೆರಿಕ ಅಂದರೆ ದೊಡ್ಡವರಿಗೂ ಆಶ್ಚರ್ಯ ಅಲ್ವಾ?

ಮಗನಿಗೆ ಆ ಹೆಡೆಯನ್ನು ಮೆಲ್ಲಗೆ ಬಿಡಿಸಿ ತೋರಿಸಿ. ಹೆಡೆಯ ಮೇಲಿರುವ ಕೇಸರಗಳು ಬೇರೆ, ಕೆಳಗೆ ಉಂಗುರದ ಹಾಗೆ ಕೂತಿರುವ ಕೇಸರಗಳು ಬೇರೆ. ಹೆಡೆಯ ಮೇಲಿನ ಪರಾಗ ದುಂಬಿಗೆ ಊಟ. ಅದರಿಂದ ಬೀಜ ಆಗುವುದಿಲ್ಲ. ದುಂಬಿ ಅದನ್ನು ತಿನ್ನಲು ಒಳಗೆ ತೂರಿದಾಗ ಕೆಳಗಿನ ಉಂಗುರದ ಪರಾಗ ಅದರ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಬೀಜ ಕಟ್ಟುವುದು ಆ ಪರಾಗದಿಂದ. ಊಟ ಹಾಕಿ ಕೆಲಸ ಮಾಡಿಸಿಕೊಳ್ಳುವ ಹೂವು ಅಂತ ಹೇಳಿ ನೋಡಿ, 5 ವರ್ಷದವನಿಗೆ ಚೆನ್ನಾಗಿ ಅರ್ಥವಾಗುತ್ತದೆ. 'ಇನ್ಯಾವ ಮರ ಕಾಂಡದಲ್ಲೇ ಕಾಯಿ ಬಿಡುತ್ತೆ?' ಅಂತ ಕೇಳಿ. ತುಮಕೂರಿನ ಹುಡುಗ, ಹಲಸು ಅಂತ ಅವನೇ ಹೇಳಿಯಾನು. ಅತ್ತಿ ಕೂಡ ಹಾಗೆಯೇ. ಒಂದು ಎಚ್ಚರಿಕೆ ಮಾತ್ರ ಇದೆ. ಇದರ ಕಾಯಿ ದುಂಡಗೆ, ಮಕ್ಕಳ ತಲೆಯಷ್ಟು ದೊಡ್ಡದು, ಭಾರ ಬೇರೆ. ತಲೆಯ ಮೇಲೆ ಕಾಯಿ ತೂಗುತ್ತಿದ್ದರೆ ಅದರ ಕೆಳಗೆ ನಿಲ್ಲಬೇಡಿ, ಹೂವು ಎತ್ತಿಕೊಂಡು ಈಚೆ ಬನ್ನಿ. ಉದ್ದ ಸೋರೆಕಾಯಿಯ ಹಾಗೆ ಕಾಯಿ ಜೋತುಬಿದ್ದ ಮರ ಕಂಡರೂ ಅಷ್ಟೇ, ಅದೂ ತೂಕದ ಕಾಯಿ.

ಎರಡನೆಯದು ನೀರುಕಾಯಿ ಮರ. ಕಿತ್ತಳೆ ಕೆಂಪಿನ ದೊಡ್ಡ ಹೂಗಳ ಆಫ್ರಿಕಾದ ಮರ. ಬೆಂಗಳೂರಿನಲ್ಲಿ ಬೆಳೆದ ಹಳಬರನ್ನು ಕೇಳಿ, ಇದರ ಮೊಗ್ಗು ಹಿಸುಕಿ ಒಬ್ಬರ ಮುಖಕ್ಕೊಬ್ಬರು ನೀರು ಚಿಮ್ಮಿಸದೆ ಯಾರೂ ದೊಡ್ಡವರಾಗಿಲ್ಲ. ಬಾಗಿದ ಮೊಗ್ಗಿನೊಳಗೆ ನೀರು ತುಂಬಿರುತ್ತದೆ, ತುದಿ ಚಿವುಟಿ ಒತ್ತಿದರೆ ಪಿಚಕಾರಿ. ಮರದಿಂದ ಕೀಳಬಾರದು, ಬಿದ್ದಿರುವುದರಲ್ಲೇ ಗಟ್ಟಿಯಾದದ್ದು ಹುಡುಕಿ. ಹುಡುಕುವುದೇ ಅರ್ಧ ಆಟ. ಆ ನೀರು ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಹಳೆಯ ಬಟ್ಟೆ ಹಾಕಿ ಕರೆದುಕೊಂಡು ಬನ್ನಿ. ಕಣ್ಣಿಗೆ ಚಿಮ್ಮಿಸಬಾರದು ಅಂತ ಮೊದಲೇ ಹೇಳಿರಿ.

ಬಿಳಿ ಬೂರುಗದ ದೊಡ್ಡ ಮರಗಳೂ ಇವೆ. ಅವುಗಳಲ್ಲಿ ಒಂದು ಲಾಲ್‌ಬಾಗ್‌ಗೇ ಹೆಸರುವಾಸಿ. ಇಲ್ಲಿ ನೋಡಬೇಕಾದದ್ದು ಬುಡ. ಬೇರು ಗೋಡೆಯ ಹಾಗೆ ನೆಲದಿಂದ ಎದ್ದು ಕಾಂಡಕ್ಕೆ ಒರಗಿ ನಿಂತಿರುತ್ತದೆ, ಮಕ್ಕಳಿಗಿಂತ ಎತ್ತರಕ್ಕೆ. ಇಷ್ಟು ದೊಡ್ಡ ಮರ ಗಾಳಿಗೆ ಬೀಳದೆ ನಿಲ್ಲಲು ಆ ಗೋಡೆಗಳೇ ಆಸರೆ. ಬೇಲಿ ಹಾಕಿದ್ದರೆ ದಾಟಬೇಡಿ. ಜನ ತುಳಿದು ತುಳಿದು ಬುಡದ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ, ನೀರು ಹೋಗುವುದಿಲ್ಲ. ಬೇಲಿ ಹಾಕುವುದಕ್ಕೆ ಅದೇ ಕಾರಣ, ಅದನ್ನು ಮಗನಿಗೂ ಹೇಳಿ. ಇದರ ಹೂವು ರಾತ್ರಿ ಅರಳುತ್ತದೆ, ಬಾವಲಿಗಳು ಬರುತ್ತವೆ. ಕಾಯಿ ಒಡೆದಾಗ ಹಾರುವ ಹತ್ತಿಯಿಂದ ದಿಂಬು ತುಂಬುತ್ತಿದ್ದ ಕಾಲ ನಿಮ್ಮ ಅತ್ತೆಯವರಿಗೆ ನೆನಪಿರಬಹುದು, ಕೇಳಿ ನೋಡಿ.

ಮಳೆ ಮರದ ಎಲೆ ಸಂಜೆಯಾದರೆ, ಮೋಡ ಕವಿದರೆ ಮಡಚಿಕೊಳ್ಳುತ್ತದೆ. ಬೆಳಗ್ಗೆ ಹೋದರೆ ತೆರೆದ ಎಲೆಯೇ ಸಿಗುತ್ತದೆ. ಹಾಗಾಗಿ ಇದಕ್ಕಿಂತ ನೆಲದಲ್ಲಿ ಮುಟ್ಟಿದರೆ ಮುನಿ ಹುಡುಕುವುದು ಮಗಳಿಗೆ ಖುಷಿ. ಅದು ಕೂಡಲೇ ಮಡಚುತ್ತದೆ, ಅವಳು ಕೂಡಲೇ ನಗುತ್ತಾಳೆ. ಮುಳ್ಳಿರುತ್ತದೆ, ಬೆರಳನ್ನು ಎಲೆಗೆ ಮಾತ್ರ ತಾಗಿಸಿ.

ಯಾವ ತಿಂಗಳು ಬರಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇದರ ಹಿಂದೆ ಒಬ್ಬ ಮನುಷ್ಯನ ಯೋಚನೆ ಇದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅನ್ನುವ ಜರ್ಮನ್ ತೋಟಗಾರರು ಮೈಸೂರು ಸಂಸ್ಥಾನದ ಕಾಲದಲ್ಲಿ ಲಾಲ್‌ಬಾಗ್ ನೋಡಿಕೊಂಡರು, 1932ರವರೆಗೆ. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು ಅಂತ ಲೆಕ್ಕ ಹಾಕಿ ನೆಡಿಸಿದವರು. ಅದರ ಫಲ ನಾವು ಇವತ್ತು ಉಣ್ಣುತ್ತಿದ್ದೇವೆ. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೀಲಿ ಜಕರಂದ, ಬೇಸಿಗೆಗೆ ಗುಲ್‌ಮೊಹರ್. ನೆಲದ ಮೇಲೆ ಹಾಸಿದ ಹೂವು ತಿಂಗಳಿಗೊಂದು ಬಣ್ಣ. ಹಾಗಾಗಿ ಯಾವಾಗ ಬಂದರೂ ಕೆಳಗೆ ಏನಾದರೂ ಸಿಕ್ಕೇ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಗುಲ್‌ಮೊಹರ್ ಮೊಗ್ಗು ಬಿಡಿಸಿ, ಕೇಸರದ ತಲೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆಯುವ ಕೋಳಿ ಜಗಳದ ಆಟ ಮಗನಿಗೆ ಕಲಿಸಿ. ಮಹಾಗನಿ ಮರದ ಬೀಜ ಸಿಕ್ಕರೆ ತಲೆಗಿಂತ ಮೇಲಿಂದ ಬಿಡಿ, ಗಿರಗಿರ ತಿರುಗುತ್ತಾ ಇಳಿಯುತ್ತದೆ. ಮರ ತನ್ನ ಮಕ್ಕಳನ್ನು ದೂರ ಕಳಿಸಲು ರೆಕ್ಕೆ ಕಟ್ಟಿದೆ ಅಂತ ಹೇಳಿದರೆ ಸಾಕು, ಬೀಜ ಪ್ರಸಾರದ ಪಾಠ ಅಲ್ಲಿಗೆ ಮುಗಿಯಿತು.

ಬಂಡೆಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಮುಖ್ಯ ದ್ವಾರದ ಕಡೆಯಿಂದ ಬಂದವರು ಅದನ್ನು ಹತ್ತಿ ಮೇಲಿನ ಕೆಂಪೇಗೌಡ ಗೋಪುರದ ಹತ್ತಿರ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಕಾಲ ಕೆಳಗೆ ಏನಿದೆ ಅಂತ ನೋಡುವವರು ಕಡಿಮೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ದಕ್ಷಿಣ ಭಾರತದ ಬಹುಭಾಗ ಇಂಥದೇ ಕಲ್ಲಿನ ಮೇಲೆ ಕೂತಿದೆ. ಭೂವಿಜ್ಞಾನಿಗಳು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದ್ದಾರೆ. 5 ವರ್ಷದ ಹುಡುಗನಿಗೆ 300 ಕೋಟಿ ಅಂದರೆ ಏನೂ ಅನ್ನಿಸುವುದಿಲ್ಲ. ಆದರೆ ಡೈನೊಸಾರ್ ಗೊತ್ತಿರುತ್ತದೆ. ಮೊದಲ ಡೈನೊಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. 'ಡೈನೊಸಾರ್ ಹುಟ್ಟಿದಾಗಲೇ ಈ ಕಲ್ಲು ತಾತನಾಗಿತ್ತು' ಅನ್ನಿ. ಅವನು ಬಗ್ಗಿ ಕಲ್ಲನ್ನು ಮುಟ್ಟುತ್ತಾನೆ. ಕಪ್ಪು ಬಿಳಿ ಪಟ್ಟೆಗಳು ಅಲೆಅಲೆಯಾಗಿ ಹೋಗಿರುವುದನ್ನು ಬೆರಳಿನಿಂದ ಹಿಂಬಾಲಿಸಲು ಹೇಳಿ. ಭೂಮಿಯ ಆಳದಲ್ಲಿ, ಸಿಕ್ಕಾಪಟ್ಟೆ ಬಿಸಿ ಮತ್ತು ಒತ್ತಡದಲ್ಲಿ ಕಲ್ಲು ಮೆತ್ತಗಾಗಿ ಬಾಗಿದಾಗ ಆದ ಪಟ್ಟೆಗಳು ಅವು.

ಬಂಡೆಯನ್ನು ಮೊದಲು ಮುಗಿಸಿ. ಬಿಸಿಲೇರಿದರೆ ಕಾಲಿಡಲು ಆಗುವುದಿಲ್ಲ. ಮಳೆ ಬಂದು ಹಸಿಯಾಗಿದ್ದರೆ ಜಾರುತ್ತದೆ, ಆವತ್ತು ಬೇಡ. ಮಗಳನ್ನು ಕೈ ಹಿಡಿದೇ ನಡೆಸಿ. ಅತ್ತೆಯವರು ಕೆಳಗಿನ ಬೆಂಚಿನಲ್ಲಿ ಕೂರಲಿ, ಅವರ ಮಂಡಿಗೆ ಆ ಇಳಿಜಾರು ಒಳ್ಳೆಯದಲ್ಲ. ಮೆಟ್ರೋದಿಂದ ಬರುವ ನಿಮಗೆ ಪಶ್ಚಿಮ ದ್ವಾರ ಹತ್ತಿರ, ಬಂಡೆ ಇರುವುದು ಇನ್ನೊಂದು ಕಡೆ. ಆಟೋ ಹಿಡಿದು ಮುಖ್ಯ ದ್ವಾರಕ್ಕೆ ಹೋಗಿ ಬಂಡೆಯಿಂದ ಶುರು ಮಾಡಿ, ಪಶ್ಚಿಮ ದ್ವಾರದಿಂದ ಹೊರಗೆ ಬಂದರೆ ನಡಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ನಡುವೆ ಬ್ಯಾಟರಿ ಗಾಡಿ ಸಿಕ್ಕರೆ ಅಜ್ಜಿ ಮೊಮ್ಮಗಳು ಅದರಲ್ಲಿ ಕೂರಲಿ.

ದಾರಿಯಲ್ಲಿ ಗಾಜಿನ ಮನೆ ಸಿಗುತ್ತದೆ. 1889ರಲ್ಲಿ ಶಂಕುಸ್ಥಾಪನೆ ಆಯಿತು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿ. ನಿಮಗೆ ಚೆಂದ, ಮಕ್ಕಳಿಗೆ ಖಾಲಿ ಜಾಗ. ಒಂದು ಸುತ್ತು ಓಡಲಿ, ಮುಂದೆ ಹೋಗಿ. ಹೂವಿನ ಗಡಿಯಾರಕ್ಕೂ ಎರಡು ನಿಮಿಷ ಸಾಕು. ಕಲ್ಲಾಗಿರುವ ಮರದ ತುಂಡೊಂದು ಇದೆ, ಸುಮಾರು 2 ಕೋಟಿ ವರ್ಷ ಹಳೆಯದು. ಅದನ್ನು ಬಿಡಬೇಡಿ. ಮರದ ಹಾಗೇ ಕಾಣುವುದು ಕಲ್ಲು ಅಂದರೆ ಮಕ್ಕಳು ನಂಬುವುದಿಲ್ಲ.

ಕೆರೆಯ ಹತ್ತಿರ ಹೋಗುವಷ್ಟು ಉತ್ಸಾಹ ಉಳಿದಿದ್ದರೆ ನೀರುಕಾಗೆ ನೋಡಿ. ಮುಳುಗಿ ಎದ್ದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂರುವ ಕಪ್ಪು ಹಕ್ಕಿ. ಹೆಜ್ಜಾರ್ಲೆಯೂ ಬರುತ್ತದೆ, ಅದರ ಕೊಕ್ಕಿನ ಕೆಳಗಿನ ಚೀಲ ನೋಡಿದರೆ ಮಕ್ಕಳಿಗೆ ಮೋಜು. ಹಕ್ಕಿ ಕಾಣದಿದ್ದರೂ ಕಿವಿಗೆ ಕೆಲಸ ಕೊಡಿ. ಬೆಳಗ್ಗೆ ಎಲ್ಲೋ ಮೇಲಿನಿಂದ 'ಕುಟ್ರು ಕುಟ್ರು ಕುಟ್ರು' ಅಂತ ಬಿಡದೆ ಕೂಗುವುದು ಕುಟ್ರು ಹಕ್ಕಿ. ಎಲೆಯ ಬಣ್ಣದ್ದೇ, ಸುಲಭಕ್ಕೆ ಕಾಣುವುದಿಲ್ಲ. ಅದರ ಹಾಗೆ ಕೂಗಲು ನಿಮ್ಮ ಮಗಳಿಗೆ ಒಂದು ನಿಮಿಷ ಸಾಕು.

ಗಿಡಮರ ಗೊತ್ತಿಲ್ಲ ಅಂತ ಬರೆದಿದ್ದೀರಿ. ಅದು ಅಡ್ಡಿಯೇ ಅಲ್ಲ. ಹೆಸರು ಹೇಳಿದ ಕೂಡಲೇ ಮಗು ನೋಡುವುದನ್ನು ನಿಲ್ಲಿಸುತ್ತದೆ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 'ಇದು ಯಾವ ಮರ?' ಅಂದರೆ 'ಗೊತ್ತಿಲ್ಲ ಕಣೋ, ಬೋರ್ಡ್ ಇದೆಯಾ ನೋಡು' ಅನ್ನಿ. ಅನೇಕ ಮರಗಳಿಗೆ ಹೆಸರಿನ ಫಲಕ ಇದೆ. ಅದಕ್ಕೂ ಮೊದಲು ತೊಗಟೆ ಮುಟ್ಟಲಿ. ನುಣುಪೋ, ಒರಟೋ? ಎಲೆ ಉಜ್ಜಿದರೆ ಯಾವ ವಾಸನೆ? ಕೆಳಗೆ ಏನು ಬಿದ್ದಿದೆ? ಯಾರು ತಿಂದಿದ್ದಾರೆ? ಪರೀಕ್ಷೆಯ ಹಾಗೆ ಕೇಳಬೇಡಿ, ನಿಮಗೂ ನಿಜವಾಗಿ ತಿಳಿಯಬೇಕು ಅನ್ನುವ ಹಾಗೆ ಕೇಳಿ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ ಕಂಡರೆ ಸ್ವಲ್ಪ ದೂರ ನಿಂತು ನೋಡಿ. ಹೊಲಿಯಲು ದಾರ ಎಲ್ಲಿಂದ? ಅವುಗಳ ಮರಿಹುಳುಗಳೇ ರೇಷ್ಮೆ ನೂಲು ಬಿಡುತ್ತವೆ. ದೊಡ್ಡ ಇರುವೆ ಮರಿಯನ್ನು ಬಾಯಲ್ಲಿ ಹಿಡಿದು ಎಲೆಯಿಂದ ಎಲೆಗೆ ತಾಗಿಸುತ್ತಾ ಹೊಲಿಯುತ್ತದೆ.

ಗಿಡ ಗೊತ್ತಿರುವವರು ನಿಮ್ಮ ಜೊತೆಯಲ್ಲೇ ಇದ್ದಾರೆ ಅಂತಲೂ ನನಗೆ ಅನ್ನಿಸುತ್ತದೆ. ನಿಮ್ಮ ಅತ್ತೆಯವರ ವಯಸ್ಸಿನವರಿಗೆ ಹೊಂಗೆ, ಹುಣಸೆ, ಮುತ್ತುಗ, ಎಕ್ಕ, ಲಕ್ಕಿ ಎಲ್ಲ ಬಳಸಿ ಗೊತ್ತಿರುತ್ತದೆ. ಮುತ್ತುಗದ ಎಲೆ ಹಚ್ಚಿ ಊಟ ಮಾಡಿದವರು. ಸಸ್ಯಶಾಸ್ತ್ರದ ಪುಸ್ತಕಕ್ಕಿಂತ ಆ ಮಾತು ಮಕ್ಕಳಿಗೆ ಹತ್ತಿರ. ಮಂಡಿ ನೋವಿನವರನ್ನು ಒಂದು ಕಡೆ ಕೂರಿಸಿ ನೀವು ಸುತ್ತಲು ಹೋಗಬೇಡಿ. ಒಳ್ಳೆಯ ನೆರಳಿನ ಒಂದು ಬೆಂಚು ಆರಿಸಿಕೊಳ್ಳಿ. ಮಕ್ಕಳು ಸುತ್ತಮುತ್ತ ಆರಿಸಿ ತಂದದ್ದನ್ನೆಲ್ಲ ಅಜ್ಜಿಯ ಮುಂದೆ ಸುರಿಯಲಿ. ಯಾವುದು ಯಾವುದರ ಎಲೆ, ಯಾವುದರ ಕಾಯಿ ಅಂತ ಅವರು ಬೇರ್ಪಡಿಸಲಿ. ನೀವು ಸುಮ್ನೆ ಕೂತು ಕೇಳಿ.

ಈಗ ನಿಮ್ಮ ಭಯದ ವಿಷಯ. ಭಯ ಸರಿಯಾದದ್ದೇ. ಆದರೆ 2 ವರ್ಷದ ಮಗುವಿಗೆ ವಿಷದಷ್ಟೇ ದೊಡ್ಡ ಅಪಾಯ ಗಂಟಲಿಗೆ ಸಿಕ್ಕಿಕೊಳ್ಳುವುದು. ದುಂಡನೆಯ ಗಟ್ಟಿ ಬೀಜ, ಸಣ್ಣ ಕಾಯಿ, ಕಲ್ಲು ಯಾವುದನ್ನೂ ಅವಳ ಮುಷ್ಟಿಯಲ್ಲಿ ಬಿಡಬೇಡಿ. ಎಲೆ, ಹೂವು, ದೊಡ್ಡ ಕೋಡು ಕೊಡಿ. ಬೀಜವನ್ನು ಮೂಗಿಗೆ ತುರುಕಿಕೊಂಡರೆ ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ವೈದ್ಯರ ಹತ್ತಿರ ಹೋಗಿ.

ವಿಷದ ಗಿಡಗಳಲ್ಲಿ ನೀವು ಗುರುತು ಹಿಡಿಯಲೇಬೇಕಾದವು ಕೆಲವಿವೆ. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ನೋಡಲು ಮುದ್ದು. ಆದರೆ ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಹರಳು ಬೀಜವೂ ಹಾಗೆಯೇ. ಕಣಗಿಲೆಯ ಎಲೆ, ಹೂವು, ಕಾಯಿ ಎಲ್ಲವೂ ಹೃದಯಕ್ಕೆ ವಿಷ. ಹಳದಿ ಕಣಗಿಲೆಯ ಬೀಜ ಇನ್ನೂ ಕೆಟ್ಟದ್ದು. ಉಮ್ಮತ್ತಿಯ ಮುಳ್ಳುಕಾಯಿ ನಿಮಗೆ ಗೊತ್ತೇ ಇದೆ. ಸೈಕಾಸ್ ಗಿಡದ ಕಿತ್ತಳೆ ಬಣ್ಣದ ಬೀಜ ಸಿಹಿತಿಂಡಿಯ ಹಾಗೆ ಕಾಣುತ್ತದೆ, ಅದೂ ವಿಷ. ಎಲೆ ಮುರಿದರೆ ಹಾಲು ಬರುವ ಯಾವುದೇ ಗಿಡವಾದರೂ ಆ ಕೈ ಕಣ್ಣಿಗೆ ಹೋಗಬಾರದು. ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತುಂಬ ಹೊತ್ತು ಶುದ್ಧ ನೀರಿನಲ್ಲಿ ತೊಳೆದು ಕೂಡಲೇ ತೋರಿಸಿ. ಇಷ್ಟೆಲ್ಲ ನೆನಪಿಡುವುದು ಕಷ್ಟ ಅನ್ನಿಸಿದರೆ ಮಗನಿಗೆ ಒಂದೇ ನಿಯಮ ಹೇಳಿ: ನೋಡು, ಮುಟ್ಟು, ಮೂಸು, ಬಾಯಿಗೆ ಮಾತ್ರ ಇಲ್ಲ. ತಂಗಿಯನ್ನು ನೋಡಿಕೊಳ್ಳುವ ಕೆಲಸ ಅವನಿಗೂ ಸ್ವಲ್ಪ ಕೊಡಿ, ಹೆಮ್ಮೆಯಿಂದ ಮಾಡುತ್ತಾನೆ. ಆದರೆ ಕಣ್ಣು ನಿಮ್ಮದೇ ಇರಬೇಕು.

ಏನಾದರೂ ಬಾಯಿಗೆ ಹಾಕಿಕೊಂಡೇ ಬಿಟ್ಟರೆ ಬಾಯಲ್ಲಿ ಉಳಿದದ್ದನ್ನು ತೆಗೆದು ಒರೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅಜ್ಜಿಯಂದಿರು ಹಾಗೆ ಹೇಳುವುದುಂಟು, ಕೇಳಬೇಡಿ. ಗಿಡದ ಒಂದು ತುಂಡನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ನಿಮ್ಹಾನ್ಸ್ ಪಕ್ಕದಲ್ಲಿದೆ, ಲಾಲ್‌ಬಾಗ್‌ನಿಂದ ದೂರವಿಲ್ಲ. ಆಂಬುಲೆನ್ಸ್ ಬೇಕಿದ್ದರೆ 108.

ಜನ ಗಮನ ಕೊಡದ ಇನ್ನೊಂದು ಅಪಾಯ ಹೆಜ್ಜೇನು. ಎತ್ತರದ ಮರಗಳಲ್ಲಿ, ಕಟ್ಟಡದ ಅಂಚಿನಲ್ಲಿ ದೊಡ್ಡ ಹುಟ್ಟು ಕಟ್ಟಿರುತ್ತವೆ. ಮರದ ಕೆಳಗೆ ಕೂರುವ ಮೊದಲು ಒಮ್ಮೆ ಮೇಲೆ ನೋಡಿ. ಇದೊಂದಕ್ಕೆ ಮಾತ್ರ ಮೇಲೆ ನೋಡಲೇಬೇಕು. ಹುಟ್ಟು ಕಂಡರೆ ಜಾಗ ಬದಲಿಸಿ. ಯಾರಾದರೂ ಕಲ್ಲು ಎಸೆಯುತ್ತಿದ್ದರೆ ಕಾಯದೆ ಅಲ್ಲಿಂದ ಹೊರಡಿ. ಹುಳು ಎದ್ದರೆ ಮಕ್ಕಳ ಮುಖವನ್ನು ಸೆರಗಿನಲ್ಲೋ ಟವೆಲಿನಲ್ಲೋ ಮುಚ್ಚಿ, ನಿಲ್ಲದೆ ಓಡಿ, ಬಾಗಿಲಿರುವ ಕೋಣೆಯನ್ನೋ ವಾಹನವನ್ನೋ ಸೇರಿಕೊಳ್ಳಿ. ಕೆರೆಗೆ ಇಳಿಯಬೇಡಿ. ಚುಚ್ಚಿದ ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಸಣ್ಣ ಮಗುವಿಗೆ ಹಲವು ಕಡೆ ಚುಚ್ಚಿದ್ದರೆ, ಮುಖ ಊದಿದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆ.

ಕೋತಿ ಕಂಡರೆ ಕೈಯಲ್ಲಿ ತಿಂಡಿ ಹಿಡಿದು ನಿಲ್ಲಬೇಡಿ, ಕೊಡಲೂ ಬೇಡಿ.

ಮೊಬೈಲ್ ಬಗ್ಗೆ ನಾನು ಕಟುವಾಗಿ ಹೇಳುವುದಿಲ್ಲ. ಆವತ್ತು ಆ ಜನಜಂಗುಳಿಯಲ್ಲಿ ನೀವು ಬೇರೇನು ಮಾಡಬಹುದಿತ್ತು? ಆದರೆ ಈ ಸಲ ದೊಡ್ಡವರ ಮೊಬೈಲೂ ಚೀಲದಲ್ಲಿರಲಿ. 'ಇಲ್ಲಿ ನೋಡು, ನಗು, ಅಲ್ಲಾಡಬೇಡ' ಅಂತ ಹತ್ತು ಕಡೆ ನಿಲ್ಲಿಸಿದರೆ ಮಗುವಿಗೆ ತೋಟ ಅಂದರೆ ಅದೇ ಅನ್ನಿಸಿಬಿಡುತ್ತದೆ. ಫೋಟೊ ತೆಗೆಯಲೇಬೇಕು ಅನ್ನಿಸಿದರೆ ಅವರು ಏನೋ ನೋಡುತ್ತಾ ಕುಕ್ಕರುಗಾಲಲ್ಲಿ ಕೂತಿರುವಾಗ, ಅವರಿಗೆ ತಿಳಿಯದ ಹಾಗೆ ಒಂದು ತೆಗೆಯಿರಿ. ಮನೆಗೆ ಹೋಗೋಣ ಅಂದರೆ ಹೊರಡಿ. ಹೊರಗೆ ಬರುವ ಮೊದಲು ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣಿನ ರಸ ಕುಡಿಸಿ, ದಾರಿಯುದ್ದಕ್ಕೂ ನಿದ್ದೆ ಮಾಡುತ್ತಾರೆ.

ಅಷ್ಟು ದೂರ ಬರುವ ಮೊದಲು ಒಮ್ಮೆ ಪ್ರಯತ್ನ ಮಾಡಿ ನೋಡಬೇಕು ಅನ್ನಿಸಿದರೆ ನಿಮ್ಮೂರ ಪಕ್ಕದಲ್ಲೇ ದೇವರಾಯನದುರ್ಗದ ಕಾಡಿದೆ, ನಾಮದ ಚಿಲುಮೆ ಇದೆ. ಅಲ್ಲಿಯ ಜಿಂಕೆ ನೋಡಿ, ಮರಗಳ ಕೆಳಗೆ ಒಂದು ಗಂಟೆ ಕಳೆದು ಬನ್ನಿ. ಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ, ಯಾವಾಗ ಸುಸ್ತಾಗುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ. ಲಾಲ್‌ಬಾಗ್‌ಗೂ ನಿಮ್ಮ ಜಿಲ್ಲೆಗೂ ನಂಟಿದೆ. 1760ರ ಸುಮಾರಿಗೆ ಹೈದರಾಲಿ ಈ ತೋಟ ಶುರು ಮಾಡಿದಾಗ ಶಿರಾದಲ್ಲಿದ್ದ ಮೊಘಲರ ತೋಟವೇ ಮಾದರಿ ಅಂತ ಹೇಳುತ್ತಾರೆ.

ಕೊನೆಯ ಪ್ರಶ್ನೆ, ಫ್ಲವರ್ ಶೋ. ಜನವರಿ, ಆಗಸ್ಟ್ ಎರಡೂ ಸಲ ಗಣರಾಜ್ಯ ದಿನ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲೇ ನಡೆಯುವುದರಿಂದ ರಜೆಯ ದಿನಗಳಲ್ಲಿ ಜನ ತುಂಬಿ ತುಳುಕುತ್ತಾರೆ. ಮಗಳಿಗೆ ಇನ್ನೂ ಮೂರು ನಾಲ್ಕು ವರ್ಷ ಬೇಡ. ಮಗ ಕೇಳಿದರೆ ಅವನೊಬ್ಬನನ್ನೇ ಅಪ್ಪ ಕರೆದುಕೊಂಡು ಬರಲಿ. ಪ್ರದರ್ಶನ ಶುರುವಾದ ಮೊದಲ ದಿನಗಳಲ್ಲಿ, ರಜೆ ಇಲ್ಲದ ದಿನ, ಬೆಳಗ್ಗೆ ಟಿಕೆಟ್ ಕೊಡಲು ಆರಂಭಿಸಿದ ಕೂಡಲೇ ಒಳಗೆ ಹೋಗಲಿ. ಗಾಜಿನ ಮನೆಯೊಳಗೆ ಅವನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲಿ. ಹೊರಡುವ ಮೊದಲು ಅವನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ, ತಪ್ಪಿಸಿಕೊಂಡರೆ ಎಲ್ಲಿದ್ದಾನೋ ಅಲ್ಲೇ ನಿಂತು ಸಮವಸ್ತ್ರದವರನ್ನು ಕೇಳಬೇಕು ಅಂತ ಹೇಳಿಕೊಡಿ.